1408 ಕಿಲೋಬೈಟ್ ಯಾರ ಲೆಕ್ಕ?

ಕೆಲವು ತಿಂಗಳ ಹಿಂದಿನ ಎರಡು-ಮೂರು ಸಂಚಿಕೆಗಳಲ್ಲಿ ಮಾತಿನ ನಡುವೆ ‘ಟಿಕ್’ ಅಂತ ಸದ್ದು ಬರುತ್ತಿತ್ತು, ಒಂದೊಂದು ಕಡೆ ಅರ್ಧ ಪದವೇ ನುಂಗಿಹೋಗಿತ್ತು ಅಂತ ನಿಮ್ಮಲ್ಲಿ ಹಲವರು ಹೇಳಿದ್ದಿರಿ. ತಪ್ಪು ನಮ್ಮದೇ. ಆ ತಪ್ಪನ್ನು ಹುಡುಕಲು ಹೋಗಿ ನಾವು ಮಾಡಿಕೊಂಡ ಇನ್ನೊಂದು ತಪ್ಪಿನಿಂದಲೇ ಇವತ್ತಿನ ಮಾತು ಶುರು. ವಿಷಯ, ಟ್ರೇಸಿಂಗ್ ಉಪಕರಣಗಳ ಡೀಫಾಲ್ಟ್ ಬಫರ್ ಗಾತ್ರ. ಹೆಸರು ಕೇಳಿದ್ರೇ ನಿದ್ದೆ ಬರೋ ಹಾಗಿದೆ, ಗೊತ್ತು. ಸ್ವಲ್ಪ ತಡ್ಕೊಳಿ.

ಮೊದಲು ಟ್ರೇಸಿಂಗ್ ಅಂದ್ರೇನು ಅಂತ ಎರಡು ಮಾತು. ಕಂಪ್ಯೂಟರಿನೊಳಗೆ ಒಂದು ಸೆಕೆಂಡಿನಲ್ಲಿ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಸಣ್ಣ ಘಟನೆಗಳು ನಡೆಯುತ್ತವೆ. ಈ ಪ್ರೋಗ್ರಾಮನ್ನು ಕೆಳಗಿಳಿಸಿ ಆ ಪ್ರೋಗ್ರಾಮನ್ನು ಓಡಿಸಿದೆ, ಡಿಸ್ಕಿನಿಂದ ಇಷ್ಟು ಓದಿದೆ, ನೆಟ್‌ವರ್ಕ್ ಕಾರ್ಡು ಕರೆಯಿತು, ಹೀಗೆ. ಇವನ್ನೆಲ್ಲ ಕಾಲಸಮೇತ ಬರೆದಿಡುವುದೇ ಟ್ರೇಸಿಂಗ್. ಬರೆಯುವ ಕೆಲಸ ಎಷ್ಟು ಹಗುರವಾಗಿರಬೇಕು ಅಂದ್ರೆ, ಬರೆಯುವುದರಿಂದಲೇ ಯಂತ್ರ ನಿಧಾನವಾಗಬಾರದು. ಅದಕ್ಕೇ ಘಟನೆಗಳನ್ನು ನೇರವಾಗಿ ಡಿಸ್ಕಿಗೆ ಬರೆಯದೆ ಮೆಮೊರಿಯಲ್ಲಿ ಒಂದಷ್ಟು ಜಾಗ ಮೀಸಲಿಟ್ಟು ಅಲ್ಲಿ ತುಂಬುತ್ತಾರೆ. ಆ ಜಾಗವೇ ಬಫರ್. ತುಂಬಿದ ಮೇಲೆ ಮತ್ತೆ ಮೊದಲಿನಿಂದ ಬರೆಯುವುದರಿಂದ ರಿಂಗ್ ಬಫರ್ ಅಂತಾರೆ.

ಲಿನಕ್ಸ್ ಕರ್ನಲ್‌ನಲ್ಲಿ ಇದಕ್ಕಿರುವ ಉಪಕರಣ ಎಫ್‌ಟ್ರೇಸ್. ಸ್ಟೀವನ್ ರೋಸ್ಟೆಡ್ ಬರೆದದ್ದು, 2008ರ ಅಕ್ಟೋಬರಿನಲ್ಲಿ ಬಿಡುಗಡೆಯಾದ 2.6.27ನೇ ಆವೃತ್ತಿಯಿಂದ ಕರ್ನಲ್ ಜೊತೆಗೇ ಬರುತ್ತದೆ. ನಾವು ರೆಕಾರ್ಡ್ ಮಾಡುವುದು ನಾಲ್ಕು ಕೋರ್, 4 ಜಿಬಿ ಮೆಮೊರಿ ಇರುವ ಹಳೇ ಲ್ಯಾಪ್‌ಟಾಪಿನಲ್ಲಿ, ಲಿನಕ್ಸ್ ಮೇಲೆ. ‘ಟಿಕ್’ ಸದ್ದಿನ ಕಾರಣ ಹುಡುಕಲು ಎಫ್‌ಟ್ರೇಸ್ ಆನ್ ಮಾಡಿ, ಪ್ರೋಗ್ರಾಮುಗಳ ಅದಲುಬದಲು, ಇಂಟರಪ್ಟ್, ಸಿಸ್ಟಂ ಕಾಲ್, ಸಿಕ್ಕಿದ್ದನ್ನೆಲ್ಲ ಬರೆಸಿದೆವು. ಸದ್ದು ಕೇಳಿಸಿದ ಎರಡು ಸೆಕೆಂಡಿನೊಳಗೆ ನಿಲ್ಲಿಸಿದೆವು. ಆಮೇಲೆ ನಮಗೆ ಬೇಕಾದ ಸಾಲುಗಳನ್ನಷ್ಟೇ ಹೆಕ್ಕಿ ತೆಗೆದು ಕೂತು ಓದಿದೆವು.

ಸದ್ದು ಬಂದ ಆ ಕ್ಷಣದಲ್ಲಿ ಸಿಪಿಯು 0, 1, 3 ಏನೋ ಸಣ್ಣಪುಟ್ಟ ಕೆಲಸ ಮಾಡ್ತಿದ್ವು. ಸಿಪಿಯು 2ರಲ್ಲಿ ಒಂದು ಸಾಲೂ ಇಲ್ಲ. ಪೂರಾ ಖಾಲಿ. ನಾವು ಏನು ತೀರ್ಮಾನಿಸಿದೆವು? ಯಂತ್ರ ಆರಾಮಾಗಿದೆ, ಒಂದು ಸಿಪಿಯು ಅಂತೂ ಸುಮ್ಮನೆ ಕೂತಿದೆ, ಹಾಗಾದರೆ ದೋಷ ಮೈಕಿನದು. ಹೊಸ ಮೈಕು ತರಿಸಿದೆವು. ದುಡ್ಡು ಎಷ್ಟು ಅಂತ ಹೇಳಲ್ಲ, ಮನೆಯಲ್ಲೂ ಕೇಳಿಸಿಕೊಳ್ತಾರೆ. ಹೊಸ ಮೈಕಿನಲ್ಲೂ ಟಿಕ್.

ಸುಮ್ಮನಿತ್ತು ಅಂತ ನಾವು ಅಂದುಕೊಂಡ ಸಿಪಿಯು 2, ನಿಜಕ್ಕೂ ನಾಲ್ಕರಲ್ಲೂ ಅತಿ ಹೆಚ್ಚು ದುಡಿಯುತ್ತಿದ್ದದ್ದು. ಫೋಟೋ ಬ್ಯಾಕಪ್ ಮಾಡುವ ಪ್ರೋಗ್ರಾಮೊಂದು ಹಿನ್ನೆಲೆಯಲ್ಲಿ ಅಲ್ಲಿಯೇ ಓಡುತ್ತಿತ್ತು, ರೆಕಾರ್ಡಿಂಗಿನ ಥ್ರೆಡ್ಡು ಅದರ ಹಿಂದೆ ಸರದಿ ಕಾಯುತ್ತಿತ್ತು. ಹಾಗಾದರೆ ಟ್ರೇಸಿನಲ್ಲಿ ಯಾಕೆ ಕಾಣಲಿಲ್ಲ? ಎಫ್‌ಟ್ರೇಸಿನಲ್ಲಿ ಪ್ರತಿ ಸಿಪಿಯುಗೂ ಅದರದ್ದೇ ಬಫರ್. ಒಬ್ಬರು ಬರೆಯುವಾಗ ಇನ್ನೊಬ್ಬರು ಕಾಯಬಾರದು ಅಂತ ಹಾಗೆ ಮಾಡಿರೋದು, ಸರಿಯಾದ ಕ್ರಮವೇ. ಆದರೆ ಎಲ್ಲ ಬಫರುಗಳ ಗಾತ್ರ ಒಂದೇ, ತುಂಬುವ ವೇಗ ಬೇರೆ ಬೇರೆ. ಕೆಲಸ ಕಡಿಮೆ ಇರುವ ಸಿಪಿಯುವಿನ ಬಫರಿನಲ್ಲಿ ಆರು ಸೆಕೆಂಡಿನ ಕಥೆ ಇತ್ತು. ಸಿಪಿಯು 2ರ ಬಫರಿನಲ್ಲಿ ಕೊನೆಯ 0.4 ಸೆಕೆಂಡು ಮಾತ್ರ. ಅದರ ಹಿಂದಿನದ್ದೆಲ್ಲ ಹೊಸ ಬರಹದಡಿ ಅಳಿಸಿಹೋಗಿತ್ತು. ನಾಲ್ಕನ್ನೂ ಸೇರಿಸಿ ಕಾಲಕ್ರಮದಲ್ಲಿ ಜೋಡಿಸಿ ತೋರಿಸಿದಾಗ, ಅತಿ ಹೆಚ್ಚು ಮಾತಾಡಿದವನೇ ಮೂಕನ ಹಾಗೆ ಕಂಡ.

ಎಫ್‌ಟ್ರೇಸ್ ನಮಗೆ ಸುಳಿವು ಕೊಡಲಿಲ್ಲ ಅಂತ ಹೇಳಿದರೆ ಅನ್ಯಾಯ. ಹೀಗಾದಾಗ ‘ಸಿಪಿಯು 2 ಬಫರ್ ಸ್ಟಾರ್ಟೆಡ್’ ಅಂತ ಮಧ್ಯದಲ್ಲಿ ಒಂದು ಸಾಲು ಬರೆಯುತ್ತದೆ, ಹಿಂದೆ ಮುಂದೆ ಹ್ಯಾಷ್ ಗುರುತು ಹಾಕಿ. ಇದಕ್ಕಿಂತ ಹಿಂದೆ ಸಿಪಿಯು 2ರ ವಿಷಯ ನನಗೆ ಗೊತ್ತಿಲ್ಲ ಅನ್ನೋದು ಅದರ ಅರ್ಥ. ಟ್ರೇಸಿನ ತಲೆಯಲ್ಲೂ ಎರಡು ಸಂಖ್ಯೆ ಇರುತ್ತೆ, ಬಫರಿನಲ್ಲಿ ಉಳಿದದ್ದು ಎಷ್ಟು, ಒಟ್ಟು ಬರೆದದ್ದು ಎಷ್ಟು ಅಂತ. ನಾವು ಬೇಕಾದ ಸಾಲು ಹೆಕ್ಕುವಾಗ ಈ ಎರಡನ್ನೂ ಜರಡಿಯಲ್ಲಿ ಆಚೆ ಹಾಕಿದ್ದೆವು. ಸಾಮಾನ್ಯವಾಗಿ ಎಲ್ಲರೂ ಮಾಡೋದು ಹೀಗೇ, ಯಾಕಂದ್ರೆ ಸಾವಿರಾರು ಸಾಲನ್ನು ಬರಿಗಣ್ಣಲ್ಲಿ ಯಾರು ಓದ್ತಾರೆ?

ಈಗ ಆ ಗಾತ್ರಕ್ಕೆ ಬರೋಣ. ಎಫ್‌ಟ್ರೇಸಿನ ಡೀಫಾಲ್ಟ್ ಪ್ರತಿ ಸಿಪಿಯುಗೆ 1408 ಕಿಲೋಬೈಟ್. ವಿಚಿತ್ರ ಸಂಖ್ಯೆ ಅಲ್ವಾ? 1024 ಅಲ್ಲ, 2048 ಅಲ್ಲ. ಕರ್ನಲಿನ ಸೋರ್ಸ್ ಕೋಡಿನಲ್ಲಿ ಇದು 14,41,792 ಬೈಟ್ ಅಂತ ಇದೆ, ಪಕ್ಕದ ಟಿಪ್ಪಣಿಯಲ್ಲಿ ಗುಣಾಕಾರವೂ ಇದೆ: 16,384 ನಮೂದು, ಒಂದೊಂದಕ್ಕೆ 88 ಬೈಟ್. ಅಂದರೆ ಒಂದು ಕಾಲದಲ್ಲಿ ಒಂದು ನಮೂದಿಗೆ 88 ಬೈಟ್ ಹಿಡಿಯುತ್ತಿತ್ತು, ಹದಿನಾರು ಸಾವಿರ ಚಿಲ್ಲರೆ ನಮೂದು ಸಾಕು ಅಂತ ಯಾರೋ ಅಂದುಕೊಂಡರು. ಇವತ್ತು ನಮೂದಿನ ಅಳತೆ ಬದಲಾಗಿದೆ, ಘಟನೆಯಿಂದ ಘಟನೆಗೆ ಬೇರೆ ಬೇರೆ. ಗುಣಲಬ್ಧ ಮಾತ್ರ ಹಾಗೇ ನಿಂತಿದೆ.

ಆದರೆ ಅದು ಕಣ್ಣುಮುಚ್ಚಿ ಇಟ್ಟ ಸಂಖ್ಯೆ ಅಲ್ಲ. ಅದೇ ಜಾಗದಲ್ಲಿ, ಬೇಕೆಂದೇ ಸಣ್ಣದಾಗಿ ಇಟ್ಟಿದ್ದೇವೆ ಅಂತ ಕಾರಣಸಮೇತ ಬರೆದಿದ್ದಾರೆ. ಕರ್ನಲ್ ಕುಸಿದು ಬಿದ್ದಾಗ ಬಫರಿನಲ್ಲಿರುವುದನ್ನೆಲ್ಲ ತೆರೆಗೆ ಅಥವಾ ಸೀರಿಯಲ್ ಕೇಬಲ್ಲಿಗೆ ಸುರಿಯುವ ಸೌಲಭ್ಯ ಇದೆ. ಬಫರ್ ದೊಡ್ಡದಾದಷ್ಟೂ ಸುರಿಯೋದು ಮುಗಿಯೋವರೆಗೆ ಕಾಯಬೇಕು. ಲೆಕ್ಕ ಹಾಕಿ ನೋಡಿ: ಸೀರಿಯಲ್ ಕೇಬಲ್ 1,15,200 ಬಾಡ್ ವೇಗದಲ್ಲಿ ಸೆಕೆಂಡಿಗೆ ಸುಮಾರು 11,500 ಅಕ್ಷರ ಕಳಿಸುತ್ತದೆ. ಒಂದು ಸಾಲಿಗೆ 80 ಅಕ್ಷರ ಅಂದರೂ 16,384 ಸಾಲಿಗೆ ಎರಡು ನಿಮಿಷ ಬೇಕು. ನಾಲ್ಕು ಸಿಪಿಯು ಆದರೆ ಎಂಟು ನಿಮಿಷ. ಡೀಫಾಲ್ಟನ್ನು ಹತ್ತುಪಟ್ಟು ಮಾಡಿದರೆ ಒಂದು ಗಂಟೆಯ ಮೇಲೆ. ಸತ್ತ ಯಂತ್ರದ ಮುಂದೆ ಒಂದು ಗಂಟೆ ಕೂರಬೇಕಾದವರ ಕಷ್ಟವನ್ನು ಯೋಚಿಸಿ ಆ ಸಂಖ್ಯೆ ಇಟ್ಟಿದ್ದಾರೆ. ನಮಗೆ ಈ ಟಿಪ್ಪಣಿ ಓದಿದಾಗ ಒಂಥರಾ ಗೌರವ ಬಂತು. ಡೀಫಾಲ್ಟ್‌ಗೆ ಕನ್ನಡದಲ್ಲಿ ‘ಪೂರ್ವನಿಯೋಜಿತ’ ಅಂತ ಒಂದು ಪದ ಇದೆ, ನಾವ್ಯಾರೂ ಮಾತಿನಲ್ಲಿ ಬಳಸಲ್ಲ. ಆದರೆ ಮೊದಲೇ ಯಾರೋ ಯೋಚಿಸಿ ಗೊತ್ತುಮಾಡಿದ್ದು ಅನ್ನುವ ಭಾವ ಆ ಪದದಲ್ಲಿ ಚೆನ್ನಾಗಿ ಇದೆ.

ಸಮಸ್ಯೆ ಏನಂದ್ರೆ, ಅವರು ಯೋಚಿಸಿದ್ದು ಕರ್ನಲ್ ಕುಸಿದವರ ಬಗ್ಗೆ. ನಮ್ಮ ಹಾಗೆ ಆರು ಸೆಕೆಂಡು ಹಿಂದಕ್ಕೆ ನೋಡಬೇಕಾದವರ ಬಗ್ಗೆ ಅಲ್ಲ. 1408 ಕಿಲೋಬೈಟಿಗೆ ಕಾಲದ ಲೆಕ್ಕ ಹಾಕಿದರೆ ಹೀಗೆ: ಪ್ರೋಗ್ರಾಮು ಅದಲುಬದಲಾದ ಒಂದು ಘಟನೆಗೆ ಸುಮಾರು 68 ಬೈಟ್, ಅಂದರೆ ಬಫರಿನಲ್ಲಿ 21 ಸಾವಿರ ಹಿಡಿಸುತ್ತೆ. ಸೆಕೆಂಡಿಗೆ ಹತ್ತು ಸಾವಿರ ಘಟನೆ ಆದರೆ ಎರಡು ಸೆಕೆಂಡಿನ ನೆನಪು. ಐವತ್ತು ಸಾವಿರ ಆದರೆ 0.4 ಸೆಕೆಂಡು, ನಮ್ಮ ಸಿಪಿಯು 2ರ ಗತಿ ಅದೇ. ಕರ್ನಲಿನ ಪ್ರತಿಯೊಂದು ಫಂಕ್ಷನ್ನನ್ನೂ ಬರೆಸಿದರಂತೂ ದುಡಿಯುವ ಸಿಪಿಯುವಿನಲ್ಲಿ ಇದು ಕಣ್ಣು ಮಿಟುಕಿಸುವಷ್ಟೂ ಬಾಳಲ್ಲ.

ಹಾಗಾದರೆ ಡೀಫಾಲ್ಟ್ ಏರಿಸಿಬಿಡಿ, ಈಗ ಮೆಮೊರಿ ಅಗ್ಗ ಅಲ್ವಾ ಅಂತ ತುಂಬಾ ಜನ ಹೇಳ್ತಾರೆ. ನಮಗೂ ಮೊದಲು ಹಾಗೇ ಅನ್ನಿಸಿತು. ಅನ್ನಿಸಿದ್ದಷ್ಟೇ ಅಲ್ಲ, ಮಾಡಿಯೂ ಬಿಟ್ಟೆವು. ಬಫರ್ ಗಾತ್ರದ ಫೈಲಿಗೆ 5,00,000 ಅಂತ ಬರೆದೆವು. ಅರ್ಧ ಜಿಬಿ, ಹೋಗ್ಲಿ ಬಿಡಿ ಅಂತ. ಆ ಸಂಖ್ಯೆ ಪ್ರತಿ ಸಿಪಿಯುಗೆ ಅನ್ನೋದು ಆ ಕ್ಷಣಕ್ಕೆ ಮರೆತುಹೋಗಿತ್ತು. ನಾಲ್ಕು ಸೇರಿ ಹತ್ತಿರ ಹತ್ತಿರ 2 ಜಿಬಿ, ಅದೂ ಸ್ವಾಪ್‌ಗೆ ಕಳಿಸಲಾಗದ ಮೆಮೊರಿ. 4 ಜಿಬಿ ಲ್ಯಾಪ್‌ಟಾಪಿನಲ್ಲಿ ಇನ್ನೇನು ಉಳಿಯುತ್ತೆ? ಬ್ರೌಸರ್ ಸತ್ತಿತು, ಅದರೊಳಗೆ ನಡೆಯುತ್ತಿದ್ದ ಕರೆಯೂ ಸತ್ತಿತು, ಆ ಕಡೆ ಮಾತಾಡ್ತಿದ್ದ ಅತಿಥಿಗಳಿಗೆ ಎರಡನೇ ಸಲ ಕ್ಷಮೆ ಕೇಳಿದೆವು.

ಈ ‘ಪ್ರತಿ ಸಿಪಿಯುಗೆ’ ಅನ್ನೋ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಎರಡು ಕೋರಿನ ಯಂತ್ರದಲ್ಲಿ 1408 ಕಿಲೋಬೈಟ್ ಅಂದರೆ ಒಟ್ಟು ಮೂರು ಎಂಬಿಯೂ ಇಲ್ಲ. 128 ಸಿಪಿಯುವಿನ ಸರ್ವರಿನಲ್ಲಿ ಅದೇ ಡೀಫಾಲ್ಟ್ 176 ಎಂಬಿ. ಯಾರೂ ಸಂಖ್ಯೆ ಮುಟ್ಟದೇ ಇದ್ದರೂ ಒಟ್ಟು ಖರ್ಚು ತಾನೇ ಬೆಳೆದಿದೆ, ಆದರೆ ಒಂದೊಂದು ಸಿಪಿಯು ನೆನಪಿಡುವ ಕಾಲ ಬೆಳೆದಿಲ್ಲ. ಅದೇ ಸರ್ವರಿನಲ್ಲಿ ಯಾರಾದರೂ ಧಾರಾಳವಾಗಿ ತಲಾ 100 ಎಂಬಿ ಅಂತ ಡೀಫಾಲ್ಟ್ ಮಾಡಿದರೆ 12.5 ಜಿಬಿ. ಇನ್ನೊಂದು ಕಡೆ, ಮನೆಯ ವೈಫೈ ರೌಟರಿನಂಥ ಪುಟ್ಟ ಯಂತ್ರದಲ್ಲೂ ಓಡೋದು ಇದೇ ಕರ್ನಲ್. ಎರಡಕ್ಕೂ ಹೊಂದುವ ಒಂದು ಸಂಖ್ಯೆ ಇಲ್ಲ. ಎಫ್‌ಟ್ರೇಸ್ ಇದಕ್ಕೆ ಒಂದು ಜಾಣ ಉಪಾಯ ಮಾಡಿದೆ: ಯಂತ್ರ ಶುರುವಾದಾಗ ಪ್ರತಿ ಸಿಪಿಯುಗೆ ಬರೀ ಕೆಲವು ಕಿಲೋಬೈಟ್ ಇಟ್ಟುಕೊಂಡು, ನೀವು ಟ್ರೇಸಿಂಗ್ ಮೊದಲ ಸಲ ಬಳಸಿದಾಗ ಮಾತ್ರ 1408ಕ್ಕೆ ಹಿಗ್ಗುತ್ತದೆ. ಬಳಸದವರಿಗೆ ಹೊರೆ ಇಲ್ಲ. ಇಷ್ಟು ಯೋಚಿಸಿದವರು ಇನ್ನೊಂದು ಹೆಜ್ಜೆ ಇಡಬಹುದಿತ್ತು ಅನ್ನೋದೇ ನಮ್ಮ ತಕರಾರು.

ಆ ಹೆಜ್ಜೆಗೆ ಬರುವ ಮೊದಲು ಬಫರ್ ತುಂಬಿದಾಗ ಯಾವುದನ್ನು ಬಿಡಬೇಕು ಅನ್ನುವ ಪ್ರಶ್ನೆ ಇದೆ, ಅದೂ ಒಂದು ಡೀಫಾಲ್ಟೇ. ಎಫ್‌ಟ್ರೇಸ್ ಹಳೆಯದನ್ನು ಅಳಿಸಿ ಹೊಸದನ್ನು ಉಳಿಸುತ್ತದೆ. ಮಾಂಟ್ರಿಯಲ್‌ನ ಮ್ಯಾಥ್ಯೂ ಡೆನೊಯೆ ಶುರುಮಾಡಿದ ಎಲ್‌ಟಿಟಿ-ಎನ್‌ಜಿ ಎಂಬ ಇನ್ನೊಂದು ಉಪಕರಣ ಉಲ್ಟಾ: ಅದು ಡೀಫಾಲ್ಟಾಗಿ ಹಳೆಯದನ್ನು ಮುಟ್ಟಲ್ಲ, ಜಾಗ ಇಲ್ಲದಿದ್ದರೆ ಹೊಸ ಘಟನೆಯನ್ನೇ ಕೈಬಿಟ್ಟು, ಎಷ್ಟು ಬಿಟ್ಟೆ ಅಂತ ಎಣಿಸಿಡುತ್ತೆ. ಆಮೇಲೆ ಆ ಟ್ರೇಸನ್ನು ಬೇಬಲ್‌ಟ್ರೇಸ್‌ನಲ್ಲಿ ಓದಲು ಹೋದರೆ, ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಇಷ್ಟು ಘಟನೆ ಬಿಟ್ಟುಹೋಗಿವೆ ಅಂತ ಎಚ್ಚರಿಕೆ ಕೊಡುತ್ತೆ. ಪರ್ಫ್ ಕೂಡ ಕೊನೆಯಲ್ಲಿ, ಇಷ್ಟು ಕಳೆದುಕೊಂಡೆ, ಡಿಸ್ಕು ಸಿಪಿಯು ನೋಡ್ಕೋ ಅಂತ ಗದರುತ್ತೆ. ಗದರುವ ಉಪಕರಣ ನಮಗಿಷ್ಟ.

ಊರ ಕೆರೆ ತುಂಬಿ ಕೋಡಿ ಬಿದ್ದರೆ ಎಲ್ಲರಿಗೂ ಗೊತ್ತಾಗುತ್ತೆ, ಸದ್ದು ಕೇಳುತ್ತೆ, ಜನ ನೋಡೋಕೆ ಹೋಗ್ತಾರೆ. ಬಫರ್ ಕೋಡಿ ಬಿದ್ದರೆ ಸದ್ದೇ ಇಲ್ಲ. ಅದಕ್ಕೆ ಉಪಕರಣವೇ ಬಾಯಿಬಿಟ್ಟು ಹೇಳಬೇಕು.

ಇದು ನಮ್ಮ ಒಂದು ಮೈಕಿನ ವಿಷಯ ಆಗಿದ್ದರೆ ಇಷ್ಟು ಮಾತಾಡ್ತಿರಲಿಲ್ಲ. 2024ರ ಜನವರಿ 5ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಿಂದ ಹೊರಟ ಅಲಾಸ್ಕಾ ಏರ್‌ಲೈನ್ಸ್ 1282, ಬೋಯಿಂಗ್ 737 ಮ್ಯಾಕ್ಸ್ 9, ಅದರ ಬಾಗಿಲ ಜಾಗ ಮುಚ್ಚಿದ್ದ ಫಲಕ ಹಾರಾಟದಲ್ಲೇ ಕಿತ್ತುಹೋದದ್ದು ನಿಮಗೆ ನೆನಪಿರಬಹುದು. ಎಲ್ಲರೂ ಜೀವಸಹಿತ ಇಳಿದರು. ಆದರೆ ಕಾಕ್‌ಪಿಟ್‌ನ ಧ್ವನಿಮುದ್ರಿಕೆ ತನಿಖೆಗೆ ಸಿಗಲಿಲ್ಲ. ಆ ರೆಕಾರ್ಡರ್ ಕೊನೆಯ ಎರಡು ಗಂಟೆ ಮಾತ್ರ ಉಳಿಸಿಕೊಳ್ಳುವ ರಿಂಗ್ ಬಫರ್. ವಿಮಾನ ಇಳಿದ ಮೇಲೂ ಅದು ಓಡುತ್ತಲೇ ಇತ್ತು, ಸಮಯಕ್ಕೆ ಸರಿಯಾಗಿ ಅದರ ಸರ್ಕ್ಯೂಟ್ ಬ್ರೇಕರ್ ಎಳೆಯಲಿಲ್ಲ, ಖಾಲಿ ಕಾಕ್‌ಪಿಟ್ಟಿನ ಸದ್ದು ಆ ನಿಮಿಷಗಳ ಮೇಲೆ ಬರೆದುಕೊಂಡುಬಿಟ್ಟಿತು. ಯುರೋಪಿನಲ್ಲಿ 2021ರಿಂದ ತಯಾರಾದ ದೊಡ್ಡ ವಿಮಾನಗಳಿಗೆ 25 ಗಂಟೆಯ ರೆಕಾರ್ಡರ್ ಕಡ್ಡಾಯ ಇತ್ತು. ಅಮೆರಿಕದ ಎನ್‌ಟಿಎಸ್‌ಬಿ 2018ರಲ್ಲೇ ಅದನ್ನು ಶಿಫಾರಸು ಮಾಡಿತ್ತು, ಕಾನೂನು ಆದದ್ದು 2024ರ ಮೇ ತಿಂಗಳಲ್ಲಿ.

ಇಲ್ಲಿ ಎರಡು ವಿಷಯ ಗಮನಿಸಿ. ಎರಡು ಗಂಟೆಯಿಂದ 25ಕ್ಕೆ ಏರಿಸಿದ್ದು ಸರಿ, ಅದು ಬೇಕಿತ್ತು. ಆದರೆ ಅವತ್ತು ಸಕಾಲದಲ್ಲಿ ಬ್ರೇಕರ್ ಎಳೆದಿದ್ದರೆ ಎರಡು ಗಂಟೆಯೇ ಧಾರಾಳ ಸಾಕಾಗುತ್ತಿತ್ತು. ಕಳೆದುಹೋದದ್ದಕ್ಕೆ ಗಾತ್ರ ಎಷ್ಟು ಕಾರಣವೋ, ನಿಲ್ಲಿಸದೇ ಇದ್ದದ್ದೂ ಅಷ್ಟೇ ಕಾರಣ. ಸಾಫ್ಟ್‌ವೇರಿನಲ್ಲೂ ಹಾಗೇ. ಎಫ್‌ಟ್ರೇಸಿನಲ್ಲಿ ‘ಟ್ರೇಸ್‌ಆಫ್’ ಅಂತ ಒಂದು ಟ್ರಿಗರ್ ಇದೆ. ಇಂಥ ಘಟನೆ ನಡೆದ ತಕ್ಷಣ ತಾನೇ ಬರೆಯೋದು ನಿಲ್ಲಿಸು ಅಂತ ಹೇಳಬಹುದು. ನಾವು ಟಿಕ್ ಸದ್ದು ಕೇಳಿ, ಅಯ್ಯೋ ಅಂದು, ಕೀಬೋರ್ಡಿಗೆ ಕೈ ಹಾಕುವ ಹೊತ್ತಿಗೆ ಎರಡು ಸೆಕೆಂಡು ಹೋಗಿರುತ್ತಿತ್ತು. 0.4 ಸೆಕೆಂಡಿನ ನೆನಪಿನ ಮುಂದೆ ಎರಡು ಸೆಕೆಂಡಿನ ಕೈ, ಹೇಗೆ ಸಿಗುತ್ತೆ?

ಹೀಗಾಗಿ ಗಾತ್ರ ಏರಿಸೋದು ನಮ್ಮ ಪ್ರಕಾರ ಮೂರನೇ ಉಪಾಯ. ಮೊದಲು, ಬೇಡದ್ದನ್ನು ಬರೆಸಬೇಡಿ. ನಾವು ಸಿಸ್ಟಂ ಕಾಲ್‌ಗಳನ್ನು ಸುಮ್ಮನೆ ಆಸೆಗೆ ಆನ್ ಮಾಡಿದ್ದೆವು, ಬಫರಿನ ಬಹುಪಾಲು ನುಂಗಿದ್ದು ಅವೇ. ಎರಡನೆಯದು, ತಾನೇ ನಿಲ್ಲುವ ಹಾಗೆ ಮಾಡಿ. ಇವೆರಡೂ ಸಾಲದಾದಾಗ ಏರಿಸಿ, ಸಿಪಿಯುಗಳ ಸಂಖ್ಯೆಯಿಂದ ಗುಣಿಸಿಕೊಂಡು. ಕೊನೆಗೆ ನಮ್ಮ ಲ್ಯಾಪ್‌ಟಾಪಿನಲ್ಲಿ ಇಟ್ಟದ್ದು ತಲಾ 16 ಎಂಬಿ, ಒಟ್ಟು 64. ಎಲ್ಲವನ್ನೂ ಬರೆಸಿದರೂ ಸಿಪಿಯು 2ಕ್ಕೆ ನಾಲ್ಕೂವರೆ ಸೆಕೆಂಡಿನ ನೆನಪು ಸಿಗುತ್ತೆ.

ಇಷ್ಟಾದರೂ ಡೀಫಾಲ್ಟ್ ಇಡುವವರ ಮೇಲೆ ನಮ್ಮ ದೂರು ಉಳಿದೇ ಇದೆ. ಬಳಸುವವರು ಕೈಪಿಡಿ ಓದಬೇಕಿತ್ತು ಅನ್ನೋ ಉತ್ತರ ನಮಗೆ ಒಪ್ಪಿಗೆ ಇಲ್ಲ. ಟ್ರೇಸಿಂಗ್ ಉಪಕರಣಕ್ಕೆ ಮೊದಲ ಸಲ ಕೈ ಹಾಕುವವರು ಸಾಮಾನ್ಯವಾಗಿ ಏನೋ ಕೆಟ್ಟು ಕೂತಾಗ, ಅವಸರದಲ್ಲಿ, ರಾತ್ರಿ ಹೊತ್ತಲ್ಲಿ ಹಾಕ್ತಾರೆ. ಅವರ ಮಟ್ಟಿಗೆ ಡೀಫಾಲ್ಟೇ ಉಪಕರಣ. ಅಂಥವರಿಗೆ ಬಫರ್ ಸಣ್ಣದು ಸಿಕ್ಕರೂ ಚಿಂತೆಯಿಲ್ಲ, ಆದರೆ ಅರೆಬರೆ ಚಿತ್ರವನ್ನು ಪೂರ್ತಿ ಚಿತ್ರದ ಹಾಗೆ ತೋರಿಸಬಾರದು. ಕಿಲೋಬೈಟಿನಲ್ಲಿ ಗಾತ್ರ ಹೇಳುವುದರ ಜೊತೆಗೆ, ಟ್ರೇಸ್ ನಿಲ್ಲಿಸಿದ ಮೇಲೆ ಮೊದಲ ಸಾಲಿನಲ್ಲೇ ಸೆಕೆಂಡಿನಲ್ಲಿ ಹೇಳಲಿ: ಸಿಪಿಯು 0ರ ಆರು ಸೆಕೆಂಡು ನನ್ನ ಹತ್ತಿರ ಇದೆ, ಸಿಪಿಯು 2ರದ್ದು 0.4 ಮಾತ್ರ, ಅದಕ್ಕಿಂತ ಹಿಂದೆ ನಂಬಬೇಡ. ಎಲ್ಲರ ನೆನಪೂ ಇರುವ ಭಾಗವನ್ನು ಮಾತ್ರ ಮೊದಲು ತೋರಿಸಲಿ, ಅದರಾಚೆ ಬೇಕು ಅಂತ ಕೇಳಿದವರಿಗೆ ತೋರಿಸಲಿ. ಇದಕ್ಕೆ ಒಂದು ಬೈಟ್ ಮೆಮೊರಿಯೂ ಹೆಚ್ಚು ಬೇಡ.

ಯಾಕಂದ್ರೆ ಆ ಮಾಹಿತಿ ಈಗಾಗಲೇ ಇದೆ. ಎಫ್‌ಟ್ರೇಸಿನ ಡೈರೆಕ್ಟರಿಯೊಳಗೆ ಒಂದೊಂದು ಸಿಪಿಯುಗೂ ‘ಸ್ಟ್ಯಾಟ್ಸ್’ ಅಂತ ಪುಟ್ಟ ಫೈಲಿದೆ. ಅದರಲ್ಲಿ ‘ಓವರ್‌ರನ್’ ಅಂದರೆ ಎಷ್ಟು ಅಳಿಸಿಹೋಯಿತು, ಉಳಿದಿರುವ ಅತಿ ಹಳೆಯ ಘಟನೆ ಯಾವ ಹೊತ್ತಿನದು, ಈಗ ಹೊತ್ತು ಎಷ್ಟು, ಎಲ್ಲ ಬರೆದಿರುತ್ತೆ. ಟ್ರೇಸ್ ನಿಲ್ಲಿಸಿದ ಕೂಡಲೇ ಓದಿ ಒಂದರಿಂದ ಇನ್ನೊಂದನ್ನು ಕಳೆದರೆ ಸೆಕೆಂಡು ಸಿಕ್ಕಿತು. ಓವರ್‌ರನ್ ಸೊನ್ನೆ ಅಲ್ಲದ ಸಿಪಿಯುಗಳಲ್ಲಿ ಯಾವುದರ ಹಳೆಯ ಘಟನೆ ಎಲ್ಲಕ್ಕಿಂತ ಈಚಿನದೋ, ಟ್ರೇಸ್ ನಂಬಲು ಅರ್ಹವಾಗೋದು ಅಲ್ಲಿಂದ. ಕಳೆಯುವ ಲೆಕ್ಕ ಒಂದನೇ ಕ್ಲಾಸಿನದು, ಅದನ್ನು ಉಪಕರಣ ಮಾಡದೆ ನಮ್ಮ ತಲೆಗೆ ಬಿಟ್ಟಿದೆ.

ಪ್ರೋಗ್ರಾಮಿಂಗ್ ಗೊತ್ತಿಲ್ಲದ ಕೇಳುಗರು ಇಲ್ಲಿವರೆಗೂ ಇದ್ದರೆ, ನಿಮ್ಮ ಆಂಡ್ರಾಯ್ಡ್ ಫೋನಿನಲ್ಲೂ ಇದು ಕೂತಿದೆ. ಡೆವಲಪರ್ ಆಪ್ಷನ್ಸ್ ಒಳಗೆ ‘ಸಿಸ್ಟಂ ಟ್ರೇಸಿಂಗ್’ ಅಂತ ಇರುತ್ತೆ, ಅದರಲ್ಲಿ ‘ಪರ್-ಸಿಪಿಯು ಬಫರ್ ಸೈಜ್’ ಅನ್ನೋ ಆಯ್ಕೆ. ಫೋನು ತಡವರಿಸುತ್ತೆ ಅಂತ ಯಾರಾದರೂ ಎಂಜಿನಿಯರ್ ನಿಮ್ಮಿಂದ ಟ್ರೇಸ್ ಕೇಳಿದರೆ, ಆ ಸಂಖ್ಯೆ ಎಷ್ಟಿಡಲಿ ಅಂತ ಅವರನ್ನೇ ಕೇಳಿ. ಸ್ವಲ್ಪ ಗಾಬರಿ ಆಗ್ತಾರೆ, ಆಗಲಿ.

ನಮ್ಮ ಟಿಕ್ ಸದ್ದಿಗೆ ಪರಿಹಾರ ಹಾಸ್ಯಾಸ್ಪದ. ರೆಕಾರ್ಡ್ ಮಾಡುವಾಗ ಫೋಟೋ ಬ್ಯಾಕಪ್ ನಿಲ್ಲಿಸಿದೆವು, ಅಷ್ಟೇ. ಹೊಸ ಮೈಕು ಡಬ್ಬಿಯೊಳಗಿದೆ. ಇವತ್ತಿನ ಸಂಚಿಕೆ ನೀವು ಕೇಳ್ತಿರೋದು ಹಳೇ ಮೈಕಿನಲ್ಲಿ.